ಹೋಗಿ ನೋಡಿ ಬಂದು ಹಾಡುವುದು

ಒಟ್ಟಾವಾದಲ್ಲಿ ಎರಡು ವರ್ಷ ಬೇಸ್‌ಮೆಂಟ್ ಬಾಡಿಗೆಗೆ ಹಿಡಿದು ಇದ್ದೆ. ಕೆನಡಾಕ್ಕೆ ಹೋದ ನಮ್ಮವರಲ್ಲಿ ಎಷ್ಟೋ ಜನರ ಮೊದಲ ವಿಳಾಸ ಅದೇ. ಕಿಟಕಿ ಅಂದರೆ ಚಾವಣಿಗೆ ಅಂಟಿಕೊಂಡ ಒಂದು ಸೀಳು. ಚಳಿಗಾಲದಲ್ಲಿ ಅದನ್ನೂ ಹಿಮ ಮುಚ್ಚಿಬಿಡುತ್ತದೆ. ಮೇಲೆ ಮನೆ ಮಾಲೀಕರು, ಎಪ್ಪತ್ತು ದಾಟಿದ ಅಜ್ಜ, ಒಬ್ಬರೇ. ಭಾನುವಾರ ಬೆಳಿಗ್ಗೆ ರೆಕಾರ್ಡ್ ಹಾಕುತ್ತಿದ್ದರು. ನಾನು ಕೆಳಗೆ ಉಪ್ಪಿಟ್ಟಿಗೆ ರವೆ ಹುರಿಯುತ್ತಾ ಕೇಳುತ್ತಿದ್ದೆ. ಮಾತು ಕೇಳಿಸುತ್ತಿರಲಿಲ್ಲ, ಗಿಟಾರ್ ಮಾತ್ರ ಇಳಿದು ಬರುತ್ತಿತ್ತು. ಇಬ್ಬರು ನುಡಿಸುತ್ತಿದ್ದಾರೆ ಅಂತಲೇ ನನ್ನ ಲೆಕ್ಕ. ಒಬ್ಬರು ದಪ್ಪ ತಂತಿಯಲ್ಲಿ ಒಂದೇ ಸಮ ದುಂ ದುಂ ಅನ್ನಿಸುತ್ತಾ, ಇನ್ನೊಬ್ಬರು ಅದರ ಮೇಲೆ ರಾಗ ಬಿಡಿಸುತ್ತಾ.

ಬಾಡಿಗೆ ಕೊಡಲು ಹೋದಾಗ ಕೇಳಿಯೇಬಿಟ್ಟೆ, ಆ ಇಬ್ಬರು ಯಾರು ಅಂತ. ಅಜ್ಜ ನಕ್ಕರು. ಇಬ್ಬರಲ್ಲ ಮಾರಾಯ, ಒಬ್ಬನೇ, ಅದೂ ನಮ್ಮ ಊರಿನವನೇ ಎಂಬ ಧಾಟಿಯಲ್ಲಿ ಹೆಸರು ಹೇಳಿದರು. ಬ್ರೂಸ್ ಕೋಬರ್ನ್. (ಇಂಗ್ಲಿಷ್‌ನಲ್ಲಿ ಬರೆದದ್ದನ್ನು ನೋಡಿ ಓದಿದರೆ ಈ ಹೆಸರು ತಪ್ಪಾಗುತ್ತದೆ, ನಡುವಿನ ಅಕ್ಷರಗಳು ಬಾಯಿಗೆ ಬರುವುದೇ ಇಲ್ಲ. ಕನ್ನಡದಲ್ಲಿ ಆ ರಗಳೆ ಇಲ್ಲ.)

ದುಂ ದುಂ ಅನ್ನುತ್ತಿದ್ದದ್ದು ಅವರ ಬಲಗೈ ಹೆಬ್ಬೆರಳು. ಮಿಸಿಸಿಪಿ ಜಾನ್ ಹರ್ಟ್, ಮ್ಯಾನ್ಸ್ ಲಿಪ್ಸ್‌ಕಂಬ್ ಥರದ ಅಮೆರಿಕದ ಹಳೇ ಬ್ಲೂಸ್ ಗಾಯಕರನ್ನು ಕೇಳಿ ಕಲಿತದ್ದು. ಉಳಿದ ಬೆರಳುಗಳು ಏನು ಬೇಕಾದರೂ ಮಾಡಿಕೊಳ್ಳಲಿ, ಹೆಬ್ಬೆರಳು ತನ್ನ ಪಾಡಿಗೆ ತಾನು ನಡೆಯುತ್ತಲೇ ಇರುತ್ತದೆ. ತತ್ವಪದದವರ ಏಕತಾರಿ ಕೇಳಿ ಬೆಳೆದ ಕಿವಿಗೆ ಇದೇನೂ ದೂರದ್ದಲ್ಲ. ಅದಕ್ಕೇ ನನಗೆ ಅಷ್ಟು ಬೇಗ ಹಿಡಿಸಿತೋ ಏನೋ.

ಹುಟ್ಟಿದ್ದು 1945ರಲ್ಲಿ. 1959ರಲ್ಲಿ ಅಜ್ಜಿ ಮನೆಯ ಅಟ್ಟದಲ್ಲಿ ಒಂದು ಹಳೇ ಗಿಟಾರ್ ಸಿಕ್ಕಿತು. ಪ್ಯಾರಿಸ್ ಬೀದಿಗಳಲ್ಲಿ ನುಡಿಸಿ ಕಾಸು ಕೂಡಿಸಿದ್ದಾಯಿತು, ಬಾಸ್ಟನ್‌ನ ಬರ್ಕ್ಲಿ ಸಂಗೀತ ಕಾಲೇಜಿಗೆ ಸೇರಿ ಅರ್ಧಕ್ಕೆ ಬಿಟ್ಟದ್ದೂ ಆಯಿತು. 1970ರಲ್ಲಿ ಮೊದಲ ಆಲ್ಬಂ. ಅದನ್ನು ತಂದ ಟ್ರೂ ನಾರ್ತ್ ಕಂಪನಿಗೂ ಅದೇ ಮೊದಲ ರೆಕಾರ್ಡ್. ಎಪ್ಪತ್ತರ ದಶಕದ ಹಾಡುಗಳೆಲ್ಲ ಮೆತ್ತಗಿನವು. ಹಿಮ, ಹೆದ್ದಾರಿ, ದೇವರು. ಕೆಲವನ್ನು ಫ್ರೆಂಚ್‌ನಲ್ಲೇ ಬರೆದರು. 1980ರಲ್ಲಿ ‘ವಂಡರಿಂಗ್ ವೇರ್ ದ ಲಯನ್ಸ್ ಆರ್’ ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ 21ನೇ ಸ್ಥಾನಕ್ಕೆ ಏರಿತು. ಅದೇ ದಾರಿಯಲ್ಲಿ ಸುಮ್ನೆ ಮುಂದುವರಿದಿದ್ದರೆ ಹಿಟ್ಟುಗಳಿಗೆ ಕೊರತೆ ಆಗುತ್ತಿರಲಿಲ್ಲ. ನಾನು ಇಷ್ಟುದ್ದ ಬರೆಯುತ್ತಲೂ ಇರಲಿಲ್ಲ.

1983ರಲ್ಲಿ, ಬಡದೇಶಗಳಲ್ಲಿ ನೆರವಿನ ಕೆಲಸ ಮಾಡುವ ಆಕ್ಸ್‌ಫ್ಯಾಮ್ ಸಂಸ್ಥೆ ಅವರನ್ನು ಮಧ್ಯ ಅಮೆರಿಕದ ಕಡೆಗೆ ಕರೆದುಕೊಂಡು ಹೋಯಿತು. ಆಗ ಗ್ವಾಟೆಮಾಲಾದಲ್ಲಿ ರಿಯೋಸ್ ಮೊಂಟ್ ಎಂಬ ಜನರಲ್ ಆಳ್ವಿಕೆ. ಸೇನೆ ಮಾಯಾ ಜನರ ಹಳ್ಳಿಗಳನ್ನು ಸುಟ್ಟು ಹಾಕುತ್ತಿತ್ತು. ಸಾವಿರಾರು ಜನ ಗಡಿ ದಾಟಿ ಮೆಕ್ಸಿಕೋದ ಚಿಯಾಪಾಸ್ ಕಾಡುಗಳಲ್ಲಿ ಬಿಡಾರ ಹೂಡಿದ್ದರು. ಅಲ್ಲಿಗೂ ಹೆಲಿಕಾಪ್ಟರ್‌ಗಳು ಗಡಿ ದಾಟಿ ಬಂದು ಗುಂಡು ಹಾರಿಸುತ್ತಿದ್ದವು. ಕೋಬರ್ನ್ ಆ ಶಿಬಿರಗಳಿಗೆ ಹೋದರು, ಜನರ ಮಾತು ಕೇಳಿದರು. ಆಮೇಲೆ ಮೆಕ್ಸಿಕೋದ ಒಂದು ಅಗ್ಗದ ಹೋಟೆಲ್ ರೂಮಿನಲ್ಲಿ ವಿಸ್ಕಿ ಇಟ್ಟುಕೊಂಡು, ಅಳುತ್ತಾ ಒಂದು ಹಾಡು ಬರೆದರು. ‘ಇಫ್ ಐ ಹ್ಯಾಡ್ ಎ ರಾಕೆಟ್ ಲಾಂಚರ್’. ನನ್ನ ಕೈಯಲ್ಲಿ ರಾಕೆಟ್ ಲಾಂಚರ್ ಇದ್ದಿದ್ದರೆ ಎಂಬ ಹಾಡು. ದೇವರನ್ನು ನಂಬುವ, ಮೆತ್ತಗೆ ಹಾಡುವ ಗಿಟಾರಿನವರು ಕೊಲ್ಲುವ ಮಾತಾಡಿದರು. 1984ರ ‘ಸ್ಟೀಲಿಂಗ್ ಫೈರ್’ ಆಲ್ಬಂನಲ್ಲಿ ಅದು ಬಂತು. ಇದು ಆಯುಧ ಎತ್ತಿ ಎಂಬ ಕರೆಯಲ್ಲ, ಆಗ ನನ್ನೊಳಗೆ ಎದ್ದ ಸಿಟ್ಟು ಅಷ್ಟೇ ಅಂತ ಅವರು ಆಮೇಲೆ ಹಲವು ಸಲ ವಿವರಿಸಬೇಕಾಯಿತು.

ಈಗ ನನ್ನ ತಕರಾರಿಗೆ ಬರುತ್ತೇನೆ. ವಿಮಾನದಲ್ಲಿ ಹೋಗಿ, ಬೇರೆಯವರ ಕಷ್ಟ ನೋಡಿ, ವಾಪಸ್ ಬಂದು ಹಾಡು ಮಾಡಿ ಮಾರುವುದು ಸರಿಯಾ? ಈ ಪ್ರಶ್ನೆ ನನಗೆ ಸುಮ್ನೆ ಹುಟ್ಟಿದ್ದಲ್ಲ. 2019ರಲ್ಲಿ ಉತ್ತರ ಕರ್ನಾಟಕದಲ್ಲಿ ನೆರೆ ಬಂದಾಗ ರಜೆಯಲ್ಲಿ ಊರಲ್ಲಿದ್ದೆ. ಗೆಳೆಯರ ಜೊತೆ ಸಾಮಾನು ತುಂಬಿದ ಗಾಡಿಯಲ್ಲಿ ಒಂದು ದಿನ ಹೋಗಿ ಬಂದೆ. ಬಂದವನೇ ಇಲ್ಲಿ ಉದ್ದುದ್ದ ಬರೆದೆ. ಲೈಕುಗಳು ಚೆನ್ನಾಗಿಯೇ ಬಿದ್ದವು. ಅದರಲ್ಲಿ ಒಬ್ಬ ಅಜ್ಜಿಯ ಬಾಯಲ್ಲಿ ಎರಡು ವಾಕ್ಯ ಹಾಕಿದ್ದೆ. ಆ ಅಜ್ಜಿ ಅದನ್ನು ಹೇಳಿರಲಿಲ್ಲ. ಮಾಡಿದ ತಪ್ಪು ಮಾಡಿದ್ದೇ. ಪೋಸ್ಟ್ ಅಳಿಸಿದ್ದೇನೆ, ಆದರೆ ಮರೆತಿಲ್ಲ.

ಕೋಬರ್ನ್ ಹಾಡನ್ನು ಮತ್ತೆ ಕೇಳಿದಾಗ ನನಗೆ ಹೊಳೆದದ್ದು ಇದು. ಆ ಹಾಡಿನಲ್ಲಿ ನಿರಾಶ್ರಿತರು ಮಾತಾಡುವುದಿಲ್ಲ. ಅವರ ಪರವಾಗಿ ಇವರೂ ಮಾತಾಡುವುದಿಲ್ಲ. ಉದ್ದಕ್ಕೂ ಇರುವುದು ‘ನಾನು’. ಹೊರಗಿನಿಂದ ಬಂದು ನೋಡಿ, ಏನೂ ಮಾಡಲಾಗದೆ, ತನ್ನ ಸಿಟ್ಟು ಕಂಡು ತಾನೇ ಗಾಬರಿಯಾದ ಒಬ್ಬ ಮನುಷ್ಯ. ಅಲ್ಲಿನವರು ಸೇಡಿನ ಮಾತೆತ್ತಿದ್ದರೋ ಇಲ್ಲವೋ, ಹಾಡು ಅದನ್ನು ಅವರ ತಲೆಗೆ ಕಟ್ಟುವುದಿಲ್ಲ. ಸೇಡಿನ ಆಸೆ ಹಾಡುವವರದ್ದು, ಅದರ ಹೊಣೆಯೂ ಅವರದ್ದೇ.

ಅದೇ ಹೊತ್ತಿಗೆ, 1985ರಲ್ಲಿ, ಇಥಿಯೋಪಿಯಾದ ಬರಗಾಲಕ್ಕೆ ಹಣ ಕೂಡಿಸಲು ದೊಡ್ಡ ದೊಡ್ಡ ಗಾಯಕರೆಲ್ಲ ಒಟ್ಟಿಗೆ ನಿಂತು ಹಾಡಿದ ರೆಕಾರ್ಡುಗಳು ಬಂದವು. ಕೆನಡಾದವರದ್ದೂ ಒಂದಿತ್ತು, ‘ಟಿಯರ್ಸ್ ಆರ್ ನಾಟ್ ಇನಫ್’. ಅದರಲ್ಲಿ ಕೋಬರ್ನ್ ಕೂಡ ಇದ್ದಾರೆ. ಆಗ ಪ್ರವಾಸದಲ್ಲಿದ್ದರು, ತಮ್ಮ ಪಾಲಿನ ಸಾಲನ್ನು ಜರ್ಮನಿಯಿಂದ ಹಾಡಿ ಕಳಿಸಿದರು. ದುಡ್ಡು ಬಂತು, ಒಳ್ಳೆಯದೇ. ಆದರೆ ಆ ಹಾಡನ್ನು ಇವತ್ತು ಯಾರಾದರೂ ಆಸೆಪಟ್ಟು ಕೇಳುತ್ತಾರಾ? ರಾಕೆಟ್ ಲಾಂಚರ್ ಹಾಡು ಈಗಲೂ ಚುಚ್ಚುತ್ತದೆ.

ಹಾಗಂತ ಅವರು ಬರೆದದ್ದೆಲ್ಲ ಚಿನ್ನ ಅಂತ ಅಲ್ಲ. ದೇಶಗಳಿಗೆ ಸಾಲ ಕೊಡುವ ಐಎಂಎಫ್ (ಅಂತರರಾಷ್ಟ್ರೀಯ ಹಣಕಾಸು ನಿಧಿ) ಮೇಲೆ 1986ರಲ್ಲಿ ಬಂದ ‘ಕಾಲ್ ಇಟ್ ಡೆಮಾಕ್ರಸಿ’ ನನಗೆ ಇವತ್ತಿಗೂ ಭಾಷಣದಂತೆಯೇ ಕೇಳುತ್ತದೆ. ಹೇಳಿದ್ದರಲ್ಲಿ ತಪ್ಪೇನಿಲ್ಲ, ಆದರೆ ಅಲ್ಲಿ ‘ನಾನು’ ಕಾಣೆ. ಎದುರಿಗೆ ಮೈಕ್ ಮಾತ್ರ ಇದೆ. ಇದನ್ನು ಅಜ್ಜನ ಮುಂದೆ ಹೇಳಿ ಬೈಸಿಕೊಂಡಿದ್ದೇನೆ ಕೂಡ.

ಸುತ್ತಾಟವನ್ನಂತೂ ನಿಲ್ಲಿಸಲಿಲ್ಲ. ನಿಕರಾಗುವಾ, ನೇಪಾಳ, ಮಾಲಿ, ಕಾಂಬೋಡಿಯಾ, 2003ರ ಇರಾಕ್ ಯುದ್ಧದ ಮಾರನೇ ವರ್ಷ ಬಾಗ್ದಾದ್. ಮೊಜಾಂಬಿಕ್‌ಗೆ 1988ರಲ್ಲಿ ಒಮ್ಮೆ, 1995ರಲ್ಲಿ ಇನ್ನೊಮ್ಮೆ ಹೋದರು. ಎರಡನೇ ಸಲ ಹೋಗುವ ಹೊತ್ತಿಗೆ ಯುದ್ಧ ಮುಗಿದಿತ್ತು, ಆದರೆ ಹೊಲದಲ್ಲಿ ಹೂತ ನೆಲಬಾಂಬುಗಳು ಹಾಗೇ ಇದ್ದವು. ಆ ನೆಲಬಾಂಬುಗಳ ಬಗ್ಗೆ ಬರೆದ ಹಾಡು ಹೆಚ್ಚುಕಡಿಮೆ ಮಾತಿನ ಧಾಟಿಯಲ್ಲೇ ಸಾಗುತ್ತದೆ. ಕೂಗಾಟ ಇಲ್ಲ. ನೆಲಬಾಂಬುಗಳನ್ನು ನಿಷೇಧಿಸುವ ಒಪ್ಪಂದಕ್ಕೆ 1997ರ ಡಿಸೆಂಬರ್‌ನಲ್ಲಿ ಸಹಿ ಬಿದ್ದದ್ದು ಅವರ ಹುಟ್ಟೂರು ಒಟ್ಟಾವಾದಲ್ಲೇ. ಭಾರತ ಅದಕ್ಕೆ ಇನ್ನೂ ಸಹಿ ಹಾಕಿಲ್ಲ ಅನ್ನುವುದು ನನಗೆ ಗೊತ್ತಾದದ್ದು ಈ ಹಾಡಿನ ಹಿಂದೆ ಬಿದ್ದಾಗಲೇ.

ನನ್ನನ್ನು ಜಾಸ್ತಿ ಕಾಡುವುದು 2009ರ ಕಂದಹಾರ್. ಅವರ ತಮ್ಮ ಜಾನ್ ಡಾಕ್ಟರು, ಕೆನಡಾ ಸೇನೆಯ ಜೊತೆ ಅಫ್ಘಾನಿಸ್ತಾನದಲ್ಲಿದ್ದರು. ತಮ್ಮನನ್ನು ನೋಡಲೂ ಆಯಿತು, ಸೈನಿಕರಿಗೆ ಹಾಡಿದಂತೆಯೂ ಆಯಿತು ಅಂತ ಕೋಬರ್ನ್ ಹೊರಟರು. ದಾರಿಯಲ್ಲಿ, ಸತ್ತ ಇಬ್ಬರು ಸೈನಿಕರ ಶವಪೆಟ್ಟಿಗೆಗಳನ್ನು ಗೌರವದಿಂದ ಕಳಿಸಿಕೊಡುವುದನ್ನು ನೋಡಿದರು. ಅದರಿಂದ ‘ಈಚ್ ಒನ್ ಲಾಸ್ಟ್’ ಹುಟ್ಟಿತು. ಕಂದಹಾರ್ ಶಿಬಿರದಲ್ಲಿ ರಾಕೆಟ್ ಲಾಂಚರ್ ಹಾಡು ಹಾಡಿದಾಗ ಅಲ್ಲಿದ್ದ ಜನರಲ್ ನಿಜವಾದ ರಾಕೆಟ್ ಲಾಂಚರ್ ಒಂದನ್ನು ತಂದು ಅವರ ಕೈಗೆ ಕೊಟ್ಟರು. ಸ್ವಲ್ಪ ಹೊತ್ತಿಗೆ ಮಾತ್ರ. ಕೋಬರ್ನ್ ಆಮೇಲೆ ತಮಾಷೆ ಮಾಡಿದರು, ಇಟ್ಟುಕೊಳ್ಳಲು ಬಿಡುತ್ತಾರೇನೋ ಅಂದುಕೊಂಡಿದ್ದೆ, ಆದರೆ ಕೆನಡಾ ಕಸ್ಟಮ್ಸ್‌ನವರು ಸುಮ್ಮನಿರಬೇಕಲ್ಲ ಎಂಬರ್ಥದಲ್ಲಿ.

ಇದನ್ನು ಓದಿ ಮೊದಲು ನಕ್ಕೆ. ಆಮೇಲೆ ನಗು ನಿಂತಿತು. ಆಕಾಶದಿಂದ ಗುಂಡು ಹಾರಿಸುವ ಸೇನೆಯ ಮೇಲಿನ ಸಿಟ್ಟಿನಲ್ಲಿ ಹುಟ್ಟಿದ ಹಾಡು ಅದು. ಈಗ ಕೇಳುತ್ತಿದ್ದವರು ಹೆಲಿಕಾಪ್ಟರ್ ಇಟ್ಟುಕೊಂಡ ಇನ್ನೊಂದು ಸೇನೆಯವರು. ಹಾಡಬಾರದಿತ್ತಾ? ಹಾಡಬಾರದಿತ್ತು ಅಂತ ನನ್ನ ಅನಿಸಿಕೆ. 2001ರ ಸೆಪ್ಟೆಂಬರ್ ದಾಳಿಯ ನಂತರ ಅವರೇ ಸ್ವಲ್ಪ ಕಾಲ ಆ ಹಾಡನ್ನು ಪಕ್ಕಕ್ಕೆ ಇಟ್ಟಿದ್ದರು, ಜನರ ಸೇಡಿಗೆ ಅದು ತುಪ್ಪವಾಗಬಾರದು ಅಂತ. ಆ ಎಚ್ಚರ ಕಂದಹಾರ್‌ನಲ್ಲಿ ಎಲ್ಲಿ ಹೋಯಿತು? ಆದರೆ ಅಲ್ಲಿದ್ದದ್ದು ಅವರ ತಮ್ಮ. ಶವಪೆಟ್ಟಿಗೆಗಳನ್ನು ಕಣ್ಣಾರೆ ನೋಡಿ ಬಂದವರು ಅವರು. ನಾನು ಇಲ್ಲಿ ಕಾಫಿ ಕುಡಿಯುತ್ತಾ ಟೈಪ್ ಮಾಡುತ್ತಿದ್ದೇನೆ. ಹಾಗಾಗಿ ನನ್ನ ಅನಿಸಿಕೆಗೆ ಎಷ್ಟು ತೂಕ ಕೊಡಬೇಕೋ ನೀವೇ ನೋಡಿ.

ಎಂಬತ್ತು ದಾಟಿದ್ದಾರೆ ಈಗ. 2023ರಲ್ಲೂ ‘ಓ ಸನ್ ಓ ಮೂನ್’ ಅಂತ ಹೊಸ ಆಲ್ಬಂ ತಂದರು. ನಾನು ಹೆಚ್ಚು ಕೇಳುವುದು ಮಾತ್ರ 2019ರ ‘ಕ್ರೋಯಿಂಗ್ ಇಗ್ನೈಟ್ಸ್’. ಅದರಲ್ಲಿ ಸಾಹಿತ್ಯವೇ ಇಲ್ಲ, ಬರೀ ವಾದ್ಯ. ಅಜ್ಜನ ಮನೆ ಬಿಟ್ಟು ವರ್ಷಗಳೇ ಆದವು. ಹೊರಡುವ ಮುಂಚೆ ಒಮ್ಮೆ ಕೇಳಿದ್ದೆ, ಭಾನುವಾರ ನೀವು ರಾಕೆಟ್ ಲಾಂಚರ್ ಯಾಕೆ ಹಾಕುವುದಿಲ್ಲ ಅಂತ. ಹಾಕುತ್ತೇನಲ್ಲ, ಪ್ರತಿ ವಾರ, ನಿನಗೆ ಕೆಳಗೆ ಮಾತು ಕೇಳಿಸುವುದಿಲ್ಲ ಅಷ್ಟೇ ಅಂದರು.