ಅಂಗಡ್ಯಾಗ ಸಂವಿಧಾನ, ಮಾಳಿಗಿ ಮ್ಯಾಲ ಅಡ್ಡೆಸರು

ಬಾಗಲಕೋಟಿ ನವನಗರದಾಗ ಬಾಡಗಿ ಮನಿ ಹುಡುಕಾಕ ಹೊಂಟ್ರ ಮೊದಲ ವಂಶಾವಳಿ ಬಾಯಿಪಾಠ ಮಾಡ್ಕೊಂಡು ಹೋಗ್ರಿ, ಅಡ್ವಾನ್ಸ್ ರೊಕ್ಕದ ಮಾತು ಆಮ್ಯಾಲ. ಗೇಟಿನಾಗ ನಿಂತಾಗ್ಲೇ ಶುರು, ಅಡ್ಡೆಸರು ಏನ್ರಿ, ಮೂಲ ಯಾವೂರ್ರಿ, ತಿನ್ನೂದು-ಗಿನ್ನೂದು ಹೆಂಗ್ರಿ, ಬೀಗರು ಯಾವ ಕಡೆ ಮಂದೀರಿ... ಬಚ್ಚಲದಾಗ ನೀರು ಬರ್ತೈತೇನ್ರಿ ಅಂತ ನೀವು ಕೇಳೂದ್ರಾಗ ಮೂರು ತಲಿಮಾರು ಜಾಲಾಡಿ ಮುಗಿಸಿರ್ತಾರ.

ಮಜಾ ಏನಂದ್ರ ಅದ ಮಾಲಕರದ ಕೆಳಗ ಕಿರಾಣಿ ಅಂಗಡಿ ಇರ್ತೈತಿ. ಅಲ್ಲಿ ಶೇಂಗಾ ಎಣ್ಣಿ ತಗೊಂಡ್ರ ಯಾವ ಮಂದಿ ಅಂತ ಕೇಳಂಗಿಲ್ಲ, ಫೋನ್‌ಪೇ ಒದರಿದ್ರ ಮುಗೀತು. ಯಾಕಂದ್ರ ಸಂವಿಧಾನದ 15(2)ನೇ ವಿಧಿ ಜಾತಿ-ಧರ್ಮ ನೋಡಿ ಯಾರನ್ನೂ ತಡೀಬಾರ್ದು ಅಂತೈತಿ, ಎಲ್ಲೆಲ್ಲಿ ಅಂದ್ರ ಅಂಗಡಿ, ಹೋಟೆಲ್, ಬಾವಿ, ಕೆರಿ, ರಸ್ತೆ ಅಂತ ಹೆಸರು ಹಿಡಿದು ಹೇಳೇತಿ, ಬಾಡಗಿ ಮನಿ ಅಂತ ಹೇಳಿಲ್ಲ. ಹಂಗಾಗಿ ಸಂವಿಧಾನ ಕಿರಾಣಿ ಕಟ್ಟಿ ಮಟ ಬರ್ತೈತಿ, ಮೆಟ್ಟಲಾ ಹತ್ತೂಮುಂದ ಪಾಪ ಅದಕ್ಕ ಮೊಣಕಾಲ ನೋವು.

ಕೋರ್ಟ್ ಏನಂತೈತಿ ಅಂತೀರೇನು? ಎರಡೂ ಅಂತೈತಿ! 2005ರಾಗ ಅಹಮದಾಬಾದಿನ ಪಾರ್ಸಿ ಹೌಸಿಂಗ್ ಸೊಸೈಟಿ ಕೇಸಿನಾಗ ಸುಪ್ರೀಂ ಕೋರ್ಟು, ಪಾರ್ಸಿಗಳಿಗಷ್ಟ ಮೆಂಬರ್‌ಶಿಪ್ ಅನ್ನೋ ಬೈಲಾ ನಡೀತೈತಿ, ಸಂಘ ಕಟ್ಟೂದು ಅವರ ಹಕ್ಕು ಅಂತು. 2011ರಾಗ ಮೆಡಿಕಲ್ ಕಾಲೇಜ್ ಸೀಟಿನ ಕೇಸಿನಾಗ ಅದ ಸುಪ್ರೀಂ ಕೋರ್ಟು, ಸಂವಿಧಾನ ಸಭಾದಾಗ ಅಂಬೇಡ್ಕರ್ ಹೇಳಿದ್ದನ್ನ ಹೊರಗ ತಗದು, ಅಂಗಡಿ ಅಂದ್ರ ಬರೇ ತಕ್ಕಡಿ-ಶಟರ್ ಅಲ್ಲ, ಬಂದವರಿಗೆ ಸೇವಾ ಕೊಡಾಕ ಕುಂತ ಜಾಗಾನೂ ಅಂಗಡಿನ ಅಂತು. ಆ ಲೆಕ್ಕದಾಗ ಟು-ಲೆಟ್ ಬೋರ್ಡ್ ಜೋತು ಹಾಕಿ ಕುಂತಾವ್ರೂ ಅಂಗಡಿಕಾರರ ಅಲ್ಲೇನ್ರಿ? ಆದ್ರ ಅದು ಸೀಟಿನ ಕೇಸು, ಮಾಳಿಗಿ ಮ್ಯಾಲ ಇನ್ನೂ ಸುದ್ದಿ ಮುಟ್ಟಿಲ್ಲ.

ಹಂಗಂತ ಕಾನೂನ ಇಲ್ಲಂತಲ್ಲ. ಅಸ್ಪೃಶ್ಯತೆ ಕಾರಣಕ್ಕ ಮನಿ ತಪ್ಪಿಸಿದ್ರ ಅಪರಾಧ ಅಂತ 1955ರ ನಾಗರಿಕ ಹಕ್ಕುಗಳ ಕಾಯ್ದೆದಾಗ ಐತಿ, ಪರಿಶಿಷ್ಟ ಜಾತಿಯವ್ರಿಗೆ ಹಂಗ ಮಾಡಿದ್ರ ಅದು ಅಸ್ಪೃಶ್ಯತೆಗೇ ಮಾಡಿದ್ದು ಅಂತ ಕೋರ್ಟ್ ಮೊದಲ ಹಿಡಿಬೇಕು, ಅಲ್ಲ ಅಂತ ಸಾಬೀತ ಮಾಡೂದು ಎದುರಿನವ್ರ ಕೆಲಸ ಅಂತಾನೂ ಐತಿ. ಖರೇನ ಚಲೋ ಕಾನೂನ! ಆದ್ರ ಮಾಲಕರು ಅಷ್ಟ ಶಾಣ್ಯಾ ಇಲ್ಲೇನು? "ಅಯ್ಯ, ನಿನ್ನೇನ ಹೋತಲ್ರಿ ಮನಿ, ನಮ್ಮ ಅಳಿಯಾಗ ಟ್ರಾನ್ಸ್‌ಫರ್ ಆಗೇತಿ" ಅಂತಾರ. ಅಳಿಯ ಎಂದೂ ಬರಂಗಿಲ್ಲ, ಬೋರ್ಡ್ ಎಂದೂ ಇಳಿಯಂಗಿಲ್ಲ, ಆ ಅಳಿಯನ್ನ ಹುಡುಕಿ ತಂದು ಕಟಕಟ್ಯಾಗ ನಿಂದ್ರಸಾವ್ರು ಯಾರು?

2017ರ ಎಚ್‌ಐವಿ ಕಾಯ್ದೆ, 2019ರ ಟ್ರಾನ್ಸ್‌ಜೆಂಡರ್ ಕಾಯ್ದೆ ಎರಡರಾಗೂ ಬಾಡಗಿ ಮನ್ಯಾಗ ಭೇದ ಮಾಡಬಾರ್ದು ಅಂತ ನೀಟಾಗಿ ಬರದಾರ. ಅಂದ್ರ ಬರೀಲಿಕ್ಕೆ ಬರ್ತೈತಿ. ಉಳಿದವ್ರ ಪಾಳಿ ಬರೂದ್ರಾಗ ಪೆನ್ನಿನ ಇಂಕ್ ತೀರಿರಬೇಕು.

ಮತ್ತ ಈ ಮಾಲಕರು ಯಾರಂತೀರಿ, ಭಾಳ ಮಂದಿ ಮುಳುಗಡಿ ಸಂತ್ರಸ್ತರು. ಆಲಮಟ್ಟಿ ಹಿನ್ನೀರಿಗೆ ಹಳೇ ಬಾಗಲಕೋಟ್ಯಾಗಿನ ಮನಿ ಕಳಕೊಂಡು ಇಲ್ಲಿ ಸೈಟ್ ತಗೊಂಡಾವ್ರು. ಆ ನೀರು ಅಡ್ಡೆಸರು ಕೇಳಿ ಒಳಗ ಬಂದಿತ್ತೇನೋ, ಯಾರಿಗ್ಗೊತ್ತು.

ನಮ್ಮ ದೋಸ್ತ ಒಬ್ಬ ಬ್ರೋಕರ್ ಹೇಳಿಕೊಟ್ಟಂಗ ಬರೇ ಇನಿಷಿಯಲ್ ಹೇಳಿದ. ಮಾಲಕರು ಕುಂದರಿಸಿ ಚಾ ಕೊಟ್ರು, ಬಾಡಗಿ ಐನೂರು ಕಮ್ಮಿನೂ ಮಾಡಿದ್ರು, ಅಗ್ರಿಮೆಂಟಿಗೆ ಆಧಾರ್ ಝೆರಾಕ್ಸ್ ಇಸ್ಕೊಂಡ್ರು. ಚಾಳೀಸ ಏರಿಸಿ ಒಂದ ಸಲ ಓದಿದ್ರು.

"ಅಯ್ಯ, ಮರ್ತ ಬಿಟ್ಟಿದ್ದೆ ನೋಡ್ರಿ ಸರ, ನಮ್ಮ ಅಳಿಯ ಬರಾವ ಅದಾನ."