ಸತ್ಯಾಂಶ: ಗ್ರೇಲಿಂಗ್ ಮೀನು ಟ್ರೌಟಿನ ಶತ್ರುವೇ?

ಇಂಗ್ಲೆಂಡಿನ ಉತ್ತರದ ನದಿಗಳಲ್ಲಿ ಗಾಳ ಹಾಕುವವರ ನಡುವೆ ಒಂದು ಮಾತು ಮೊಬೈಲ್ ಬರುವ ಮೊದಲಿನಿಂದಲೂ ಸುತ್ತುತ್ತಿದೆ: ‘ಗ್ರೇಲಿಂಗ್ ಮೀನು ಟ್ರೌಟಿನ ಮೊಟ್ಟೆಗಳನ್ನೆಲ್ಲ ತಿಂದು ಮುಗಿಸುತ್ತದೆ, ಸಿಕ್ಕರೆ ನೀರಿಗೆ ಮರಳಿ ಬಿಡಬೇಡಿ.’

ಇದರಲ್ಲಿ ಎಳ್ಳಷ್ಟು ನಿಜವಿದೆ, ಉಳಿದದ್ದು ಹೊಟ್ಟು. ಟ್ರೌಟ್ ಮೊಟ್ಟೆಯಿಡುವುದು ಚಳಿಗಾಲದಲ್ಲಿ. ಹೆಣ್ಣು ಮೀನು ಬಾಲ ಬಡಿದು ಜಲ್ಲಿಯಲ್ಲಿ ಗುಂಡಿ ತೋಡುತ್ತದೆ, ಮೊಟ್ಟೆಯಿಟ್ಟ ಮೇಲೆ ಜಲ್ಲಿಯನ್ನೇ ಹೊದಿಸುತ್ತದೆ. ಗ್ರೇಲಿಂಗಿನ ಬಾಯಿ ಚಿಕ್ಕದು, ತುಸು ಕೆಳಮುಖ. ತಳದ ಹುಳು, ಸಣ್ಣ ಸೀಗಡಿಗಳನ್ನು ಹೆಕ್ಕಲು ಒಗ್ಗಿದ್ದು. ಹೂತ ಮೊಟ್ಟೆಯನ್ನು ಅಗೆದು ತೆಗೆಯುವ ಬಾಯಿ ಅದಲ್ಲ. ಅದಕ್ಕೆ ದಕ್ಕುವುದು ಸೆಳೆತದಲ್ಲಿ ಕೊಚ್ಚಿಹೋಗುವ ಬಿಡಿ ಮೊಟ್ಟೆಗಳು. ಅವು ಮರಿಯಾಗುವುದು ಹೇಗೂ ಅಪರೂಪ. ಅಂಥವನ್ನು ಟ್ರೌಟ್ ಕೂಡ ನುಂಗುತ್ತದೆ, ಆದರೆ ಅದನ್ನು ಯಾರೂ ಫಾರ್ವರ್ಡ್ ಮಾಡುವುದಿಲ್ಲ!

ಶತ್ರು ಎನ್ನುವುದಕ್ಕಿಂತ ದಾಯಾದಿ ಎನ್ನಬಹುದು. ಗ್ರೇಲಿಂಗಿನ ಬೆನ್ನಿನ ಹಾಯಿಯಂಥ ದೊಡ್ಡ ರೆಕ್ಕೆಯ ಹಿಂದೆ, ಬಾಲದ ಬಳಿ, ಒಂದು ಪುಟ್ಟ ಕೊಬ್ಬಿನ ರೆಕ್ಕೆ ಕಾಣುತ್ತದೆ. ಟ್ರೌಟ್, ಸಾಲ್ಮನ್‌ಗಳಿಗೂ ಅದಿದೆ, ಮೂರೂ ಒಂದೇ ಕುಟುಂಬದವು. ಗ್ರೇಲಿಂಗ್ ಈ ನದಿಗಳಿಗೆ ಹೊರಗಿನಿಂದ ಬಂದ ಮೀನು ಎಂಬ ಇನ್ನೊಂದು ಆರೋಪವೂ ಎಲ್ಲ ಕಡೆ ನಿಲ್ಲುವುದಿಲ್ಲ. ವಾಯವ್ಯ ಇಂಗ್ಲೆಂಡಿನ ಈಡನ್ ನದಿಗೆ ಅದನ್ನು ಜನರೇ ತಂದು ಬಿಟ್ಟರು, ನಿಜ. ಯಾರ್ಕ್‌ಷೈರಿನ ವಾರ್ಫ್, ಯೂರ್, ಸ್ವೇಲ್ ನದಿಗಳಿಗೆ ಅದು ಮೂಲನಿವಾಸಿ.

ಗೊಂದಲಕ್ಕೆ ಕಾರಣ ಕ್ಯಾಲೆಂಡರ್ ಇರಬೇಕು ಎಂಬುದು ನನ್ನ ಊಹೆ. ಗ್ರೇಲಿಂಗ್ ಮೊಟ್ಟೆಯಿಡುವುದು ವಸಂತದಲ್ಲಿ. ನದಿಗಳಲ್ಲಿ ಅದನ್ನು ಹಿಡಿಯಲು ನಿಷೇಧ ಮಾರ್ಚ್ 15ರಿಂದ ಜೂನ್ 15ರವರೆಗೆ. ಟ್ರೌಟ್ ಹಿಡಿಯುವ ಅವಧಿ ಶರತ್ಕಾಲಕ್ಕೇ ಮುಗಿದಿರುತ್ತದೆ. ಹಾಗಾಗಿ ಹಿಮ ಕಟ್ಟಿದ ಜನವರಿಯಲ್ಲಿ ಗಾಳ ಹಾಕುವವರು ಬೆನ್ನಟ್ಟುವುದೇ ಗ್ರೇಲಿಂಗನ್ನು, ಸಿಗುವುದೂ ಹೆಚ್ಚಾಗಿ ಅದೇ. ಟ್ರೌಟಿನ ಮೊಟ್ಟೆಗಳು ಜಲ್ಲಿಯಲ್ಲಿರುವ ಹೊತ್ತಿನಲ್ಲೇ ಕಣ್ಣಿಗೆ ಬೀಳುವುದರಿಂದ ಗುಮಾನಿಯೂ ಅದರ ಮೇಲೆಯೇ.