ನಿಲ್ಲೋದೇ ಕಷ್ಟ

ಬೈಕು ತಗೊಳ್ಳುವವರ ಮಾತೆಲ್ಲ ಓಟದ ಮೇಲೇ ಇರುತ್ತದೆ. ಎಷ್ಟು ಸಿಸಿ, ಎಷ್ಟು ಪವರ್, ನೂರು ದಾಟಿದ ಮೇಲೆ ಹ್ಯಾಂಡಲ್ ನಡುಗುತ್ತಾ ಇಲ್ವಾ. ಅದರಲ್ಲೂ ದೂರ ಓಡಲೆಂದೇ ಮಾಡಿದ ಟೂರಿಂಗ್ ಬೈಕು ಅಂದರೆ ಮುಗಿಯಿತು. ಲಡಾಖ್, ಸ್ಪಿತಿ ಹೆಸರು ಬಾರದೆ ಮಾತು ಶುರುವಾಗುವುದೇ ಇಲ್ಲ. ನಿಂತಾಗ ಗಾಡಿ ಹೇಗಿರುತ್ತದೆ ಅಂತ ಮಾತ್ರ ಯಾರೂ ಕೇಳುವುದಿಲ್ಲ. ಮೊದಲು ಕೇಳಬೇಕಾದದ್ದು ಅದನ್ನೇ ಅಂತ ನನ್ನ ವಾದ. ಓಡುವಾಗ ಎಲ್ಲ ಬೈಕೂ ಚೆನ್ನಾಗಿಯೇ ಓಡುತ್ತವೆ. ಗೋಳೆಲ್ಲ ಶುರುವಾಗುವುದು ನಿಂತಾಗ.

ಪುಣೆಯಲ್ಲಿದ್ದುಕೊಂಡು ಈ ವಾದ ಮಾಡೋಕೆ ಸ್ವಲ್ಪ ಧೈರ್ಯ ಬೇಕು. ಇದು ಬೈಕುಗಳ ತವರು. ಆಕುರ್ಡಿಯಲ್ಲಿ ಬಜಾಜ್ ಕಚೇರಿ. ಚಾಕಣ್‌ನ ಕಾರ್ಖಾನೆಯಿಂದ ಡಾಮಿನಾರ್, ಕೆಟಿಎಂ ಹೊರಗೆ ಬರುತ್ತವೆ. 2023ರಿಂದ ಟ್ರಯಂಫ್ ಸ್ಪೀಡ್ 400 ಕೂಡ ಅಲ್ಲೇ ತಯಾರಾಗುತ್ತಿದೆ. ಭೋಸರಿ, ಚಾಕಣ್ ಕಡೆಯ ಸಣ್ಣ ಸಣ್ಣ ಶೆಡ್ಡುಗಳಲ್ಲಿ ಬಿಡಿಭಾಗಗಳನ್ನು ಮಾಡುತ್ತಾರೆ. ಹಾಗಾಗಿ ಇಲ್ಲಿ ಯಾವ ಸೊಸೈಟಿಗೆ ಹೋದರೂ ಬೈಕಿನ ಯಾವುದೋ ಒಂದು ತುಂಡಿನ ತಜ್ಞರು ಸಿಕ್ಕೇ ಸಿಗುತ್ತಾರೆ. ನಮ್ಮ ಕೆಳಮನೆಯ ಕಾಕಾ ಮುಂದಿನ ಚಕ್ರ ಹಿಡಿದಿರುವ ಫೋರ್ಕ್ ವಿಷಯ ಬಿಟ್ಟು ಬೇರೆ ಮಾತಾಡುವುದಿಲ್ಲ. ಎದುರು ಮನೆಯವರಿಗೆ ಚೈನು. ಇಬ್ಬರನ್ನೂ ಒಟ್ಟಿಗೆ ಕೂರಿಸಿದರೆ ಅರ್ಧ ಗಾಡಿ ರೆಡಿ.

ಇನ್ನು ವಾಚ್‌ಮನ್, ಲಿಫ್ಟಿನವರು, ಹಾಲಿನವರು. ಅವರೆಲ್ಲರದೂ ಒಂದೇ ಪ್ರಶ್ನೆ, ‘ಆವರೇಜ್ ಕಿತಿ ದೇತೇ?’ ಲೀಟರಿಗೆ ಎಷ್ಟು ಕಿ.ಮೀ. ಓಡುತ್ತದೆ ಅಂತ. ಊರಿಗೆ ಹೋದರೆ ಅದೇ ಪ್ರಶ್ನೆ ಕನ್ನಡದಲ್ಲಿ ಬರುತ್ತದೆ, ‘ಆವರೇಜ್ ಎಷ್ಟ ಕೊಡ್ತದ್ರೀ?’ ಮೂವತ್ತು ಅಂದರೆ ಸಾಕು, ಇಬ್ಬರ ಮುಖವೂ ಒಂದೇ ಥರ ಸಣ್ಣಗಾಗುತ್ತದೆ. ಪಾಪ, ಒಳ್ಳೆ ಮನೆತನದ ಹುಡುಗ ಅನ್ನುವ ಭಾವ.

ನನ್ನದು ಯಾವ ಗಾಡಿ ಅಂತ ಹೇಳುವುದಿಲ್ಲ. ಹೇಳಿದರೆ ಉಳಿದ ಕಂಪನಿಗಳ ಅಭಿಮಾನಿಗಳು ಇಲ್ಲಿಗೇ ಓದೋದು ನಿಲ್ಲಿಸುತ್ತಾರೆ. ಅದು 200 ಕೆಜಿ ಹತ್ತಿರ ತೂಗುತ್ತದೆ, ನಾನು ಐದಡಿ ಐದಿಂಚು ಇದ್ದೇನೆ. ಇಷ್ಟು ಗೊತ್ತಾದರೆ ಸಾಕು.

ಸೀಟಿನ ಎತ್ತರ ಅನ್ನೋದೊಂದು ಲೆಕ್ಕ ಇದೆ. ಬ್ರೋಷರಿನಲ್ಲಿ ಎಲ್ಲೋ ಕೆಳಗೆ, ಸಣ್ಣ ಅಕ್ಷರದಲ್ಲಿ ಇರುತ್ತದೆ. ರಾಯಲ್ ಎನ್‌ಫೀಲ್ಡ್ ಮೀಟಿಯೋರ್ 350ಕ್ಕೆ 765 ಮಿ.ಮೀ. ಡಾಮಿನಾರ್ 400ಕ್ಕೆ 800. ಮೊದಲ ಹಿಮಾಲಯನ್‌ಗೂ 800. ಹೊಸ ಹಿಮಾಲಯನ್ 450ಕ್ಕೆ ಬಂದರೆ 825, ಬೇಕಿದ್ದರೆ 845ಕ್ಕೆ ಏರಿಸಿಕೊಳ್ಳಬಹುದು. ಬೇಕಿರುವವರು ಯಾರೋ ಇರಬೇಕು. 2020ರಲ್ಲಿ ಬಂದ ಕೆಟಿಎಂ 390 ಅಡ್ವೆಂಚರ್ ಮೇಲೆ ಕೂತರೆ 855. ಕಾಗದದ ಮೇಲೆ ನೋಡಿದರೆ ವ್ಯತ್ಯಾಸ ಒಂದೆರಡು ಇಂಚು, ಹೆಚ್ಚೆಂದರೆ ಮೂರೂವರೆ. ಆದರೆ ಆ ಇಂಚುಗಳೆಲ್ಲ ಹಿಮ್ಮಡಿಯ ಕೆಳಗೇ ಬರುತ್ತವೆ. ಪೂರ್ತಿ ಪಾದ ಊರುವುದು ಬೇರೆ, ತುದಿಬೆರಳು ತಾಗಿಸುವುದು ಬೇರೆ. ಎತ್ತರ ಒಂದೇ ಅಲ್ಲ, ಸೀಟಿನ ಅಗಲವನ್ನೂ ನೋಡಬೇಕು. ಅಗಲ ಸೀಟು ತೊಡೆಗಳನ್ನು ಆಚೀಚೆ ದೂಡಿ, ಇರುವ ಕಾಲನ್ನೂ ಗಿಡ್ಡ ಮಾಡುತ್ತದೆ.

ತೂಕದ ಸ್ವಭಾವವೇ ವಿಚಿತ್ರ. ಗಾಡಿ ನೆಟ್ಟಗೆ ನಿಂತಿರುವಷ್ಟು ಹೊತ್ತು ಆ 200 ಕೆಜಿ ಎರಡು ಚಕ್ರಗಳ ಪಾಲು. ಒಂದು ಬೆರಳಲ್ಲಿ ಹಿಡಿದು ನಿಲ್ಲಿಸಬಹುದು. ಸ್ವಲ್ಪ ವಾಲಿತೋ, ಭಾರ ನಿಮ್ಮ ಕಾಲಿಗೆ ಬರುತ್ತದೆ. ಇನ್ನೂ ಸ್ವಲ್ಪ ವಾಲಿದರೆ ಪೈಲ್ವಾನರಿಗೂ ತಡೆಯೋಕಾಗಲ್ಲ. 15 ಲೀಟರ್ ಟ್ಯಾಂಕು ತುಂಬಿದ್ದರೆ ಪೆಟ್ರೋಲೇ 11 ಕೆಜಿ ಇರುತ್ತದೆ, ಅದೂ ಮೇಲುಗಡೆ. ಬಿದ್ದ ಗಾಡಿಯನ್ನು ಎತ್ತುವ ಕ್ರಮವನ್ನು ಎಲ್ಲರೂ ಕಲಿತಿರಬೇಕು. ಮೊದಲು ಗೇರಿಗೆ ಹಾಕಿ. ಬಲಕ್ಕೆ ಬಿದ್ದಿದ್ದರೆ ಸೈಡ್ ಸ್ಟ್ಯಾಂಡ್ ಹೊರಗೆ ಚಾಚಿಡಿ, ಇಲ್ಲದಿದ್ದರೆ ಎತ್ತಿದ ರಭಸಕ್ಕೆ ಆ ಕಡೆ ಬೀಳುತ್ತದೆ. ಆಮೇಲೆ ಗಾಡಿಗೆ ಬೆನ್ನು ಕೊಟ್ಟು ಕುಕ್ಕರಗಾಲಲ್ಲಿ ಕೂತು, ಒಂದು ಕೈಲಿ ಹ್ಯಾಂಡಲ್, ಇನ್ನೊಂದರಲ್ಲಿ ಹಿಂದಿನ ಹಿಡಿಕೆ ಹಿಡಿದು, ಕಾಲಿನ ಬಲದಿಂದ ಹಿಂದಹಿಂದಕ್ಕೆ ಹೆಜ್ಜೆ ಇಡುತ್ತಾ ಏಳಬೇಕು. ಎದುರು ನಿಂತು ಬಗ್ಗಿ ಎತ್ತಿದರೆ ಸೊಂಟ ಹಿಡಿದುಕೊಳ್ಳುತ್ತದೆ. ಅಷ್ಟು ಹೊತ್ತಿಗೆ ಹೇಗೂ ನಾಲ್ಕು ಜನ ಓಡಿ ಬಂದಿರುತ್ತಾರೆ ಬಿಡಿ. ಎತ್ತಿಕೊಟ್ಟ ಮೇಲೆ ಅವರೂ ಆವರೇಜ್ ಕೇಳುತ್ತಾರೆ.

ಪುಣೆಯಿಂದ ಧಾರವಾಡದ ಕಡೆ ಹೊರಟರೆ ಇದಕ್ಕೆಲ್ಲ ಪರೀಕ್ಷೆ ಖಂಬಾಟಕಿ ಘಾಟಿನಲ್ಲಿ. ಸಾತಾರಾಕ್ಕಿಂತ ಮುಂಚೆ ಸಿಗುವ ಏರು. ಇಷ್ಟು ವರ್ಷವೂ ಹೋಗುವಾಗ ಘಾಟು ಹತ್ತುವುದು, ಬರುವಾಗ ಸುರಂಗದಲ್ಲಿ ನುಸುಳಿ ಬರುವುದು ಇಲ್ಲಿನ ರೂಢಿ. ರಜೆ ಸೇರಿದ ಶನಿವಾರ ಬೆಳಿಗ್ಗೆ ಆ ಏರಿನಲ್ಲಿ ಒಂದು ಲಾರಿ ಕೆಟ್ಟು ನಿಂತರೆ ಸಾಕು, ಹಿಂದೆ ಇಡೀ ಪುಣೆ ನಿಲ್ಲುತ್ತದೆ. ಏರಿನಲ್ಲಿ ಬಲಗಾಲು ಹಿಂಬ್ರೇಕಿನ ಮೇಲಿರಬೇಕು, ತೆಗೆದರೆ ಗಾಡಿ ಹಿಂದಕ್ಕೆ ಜಾರುತ್ತದೆ. ಉಳಿದಿದ್ದು ಎಡಗಾಲು ಒಂದೇ. ರಸ್ತೆಯೋ, ಮಳೆನೀರು ಹರಿದುಹೋಗಲಿ ಅಂತ ಅಂಚಿನ ಕಡೆ ಇಳಿಜಾರಾಗಿರುತ್ತದೆ. ಅಂದರೆ ಎಡಗಾಲು ಊರಬೇಕಾದ ಜಾಗವೇ ಎಲ್ಲಕ್ಕಿಂತ ತಗ್ಗು. ಹಿಂದೆ ಎರಡು ಕಡೆ ತುಂಬಿದ ಬ್ಯಾಗು, ಅದರ ನಡುವೆ ಹೆಂಡತಿ. ಮುಂದಿನ ಲಾರಿ ಮೂರಡಿ ಸರಿಯುತ್ತದೆ. ನಾವೂ ಮೂರಡಿ ಸರಿದು ಮತ್ತೆ ಎಡಗಾಲು ಹುಡುಕಬೇಕು. ಆ ಹೊತ್ತಿನಲ್ಲಿ ಯಾರಾದರೂ ಬಂದು ನಿಮ್ಮ ಗಾಡಿ ಎಷ್ಟು ಪವರ್ ಅಂತ ಕೇಳಿ ನೋಡಲಿ.

ಹಿಂದೆ ಕೂರುವವರ ಕಥೆ ಬೇರೆಯೇ ಇದೆ. ಪಕ್ಕಕ್ಕೆ ಪೆಟ್ಟಿಗೆ, ಹಿಂದೆ ಪೆಟ್ಟಿಗೆ. ಇದರ ನಡುವೆ ಕಾಲು ಎತ್ತಿ ಹಾಕುವುದು ಹೇಗೆ? ನನ್ನ ಹೆಂಡತಿ ಮೊದಲ ಸಲ ಗಾಡಿಯ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ‘ಏನ್ರೀ ಇದು, ಹತ್ತಾಕ ಏಣಿ ಎಲ್ಲಿಟ್ಟೀರಿ?’ ಅಂದಳು. ಈಗ ಒಂದು ಪದ್ಧತಿ ಮಾಡಿಕೊಂಡಿದ್ದೇವೆ. ನಾನು ಎರಡೂ ಕಾಲೂರಿ, ಮುಂಬ್ರೇಕ್ ಹಿಡಿದು ‘ಹ್ಞೂಂ’ ಅನ್ನಬೇಕು. ಅವಳು ನನ್ನ ಹೆಗಲು ಹಿಡಿದು, ಫುಟ್‌ರೆಸ್ಟ್ ಮೇಲೆ ಎದ್ದು ನಿಂತು, ಕಾಲು ದಾಟಿಸಬೇಕು. ‘ಹ್ಞೂಂ’ ಅನ್ನದೆ ಇಳಿಯುವಂತಿಲ್ಲ. ಗಾಡಿ ಬೀಳುವುದೆಲ್ಲ ಇಂಥ ಹೊತ್ತಿನಲ್ಲೇ, ಯಾರೋ ಸದ್ದಿಲ್ಲದೆ ಇಳಿದಾಗ. ಅವಳ ಇನ್ನೊಂದು ತಕರಾರು ಸೀಟಿನದು. ಅದು ನ್ಯಾಯವಾದದ್ದೇ. ಸವಾರನ ಸೀಟಿಗೆ ಬುದ್ಧಿ ಖರ್ಚು ಮಾಡಿ ಸುಸ್ತಾದ ಮೇಲೆ ಉಳಿದ ಸ್ಪಂಜಿನಲ್ಲಿ ಹಿಂದಿನ ಸೀಟು ಮಾಡುತ್ತಾರೇನೋ.

ಸ್ಟ್ಯಾಂಡು ಕೂಡ ಸಣ್ಣ ವಿಷಯವಲ್ಲ. ಜುಲೈ ತಿಂಗಳಲ್ಲಿ ತಾಮ್ಹಿಣಿ ಘಾಟಿಗೆ ಹೋದರೆ ರಸ್ತೆ ಬಿಟ್ಟು ಪಕ್ಕಕ್ಕೆ ಇಳಿದಲ್ಲೆಲ್ಲ ಕೆಸರು. ಜಲಪಾತ ನೋಡುತ್ತಾ ನಿಂತವರ ಹಿಂದೆ ಸೈಡ್ ಸ್ಟ್ಯಾಂಡು ಸದ್ದಿಲ್ಲದೆ ಮಣ್ಣಲ್ಲಿ ಇಳಿಯುತ್ತಿರುತ್ತದೆ. ಅಡಿಗೆ ಚಪ್ಪಟೆ ಕಲ್ಲು ಹುಡುಕಿ ಇಡಬೇಕು. ಸೆಂಟರ್ ಸ್ಟ್ಯಾಂಡ್ ಕೆಲವು ಗಾಡಿಗಳಿಗಿರುತ್ತದೆ, ಕೆಲವಕ್ಕೆ ಇರುವುದಿಲ್ಲ. ಇದೆಯಾ ಅಂತ ಕೇಳಿಯೇ ದುಡ್ಡು ಕೊಡಿ. ಯಾಕೆಂದರೆ ಚೈನು. ಸುಮಾರು 500 ಕಿ.ಮೀ.ಗೊಮ್ಮೆ, ಮಳೆಯಲ್ಲಿ ಓಡಿಸಿದರೆ ಅದಕ್ಕೂ ಮುಂಚೆ, ಚೈನು ಒರೆಸಿ ಲ್ಯೂಬ್ ಹಾಕಬೇಕು. ಸೆಂಟರ್ ಸ್ಟ್ಯಾಂಡ್ ಇದ್ದರೆ ಹಿಂದಿನ ಚಕ್ರವನ್ನು ಕೈಯಲ್ಲೇ ತಿರುಗಿಸುತ್ತಾ ಆರಾಮಾಗಿ ಮುಗಿಸಬಹುದು. ಇಲ್ಲದಿದ್ದರೆ ಒಂದಿಷ್ಟು ಹಾಕು, ಗಾಡಿ ಒಂದಡಿ ತಳ್ಳು, ಮತ್ತೊಂದಿಷ್ಟು ಹಾಕು. ಪಾರ್ಕಿಂಗ್ ಮುಗಿದು ಗೇಟು ಬಂದಿರುತ್ತದೆ, ಚೈನು ಮುಗಿದಿರುವುದಿಲ್ಲ. ಎಂಜಿನ್ ಚಾಲೂ ಇಟ್ಟು ಚೈನು ಒರೆಸುವವರನ್ನೂ ನೋಡಿದ್ದೇನೆ. ದಯವಿಟ್ಟು ಬೇಡ. ಬೆರಳು ಹೋಗುತ್ತದೆ.

ಟ್ಯಾಂಕು ದೊಡ್ಡದಿದ್ದರೆ ನಿಲ್ಲದೆ ಹೋಗಬಹುದು ಅನ್ನುತ್ತಾರೆ. ಡಾಮಿನಾರ್‌ಗೆ 13 ಲೀಟರ್, ಹಿಮಾಲಯನ್ 450ಕ್ಕೆ 17. ಸ್ಪಿತಿಯಲ್ಲಿ ಆ ನಾಲ್ಕು ಲೀಟರಿಗೆ ಬೆಲೆ ಇದೆ, ಒಪ್ಪಿದೆ. ಆದರೆ ಪುಣೆ–ಬೆಂಗಳೂರು ಹೈವೇಯಲ್ಲಿ ಬಂಕುಗಳಿಗೆ ಬರವಿಲ್ಲ. 15 ಲೀಟರಿಗೆ 30ರಂತೆ 450 ಕಿ.ಮೀ., ಅಂದರೆ ಪುಣೆಯಲ್ಲಿ ತುಂಬಿಸಿದರೆ ಧಾರವಾಡ ಮುಟ್ಟಬಹುದು. ಗಾಡಿ ಮುಟ್ಟುತ್ತದೆ, ಸೊಂಟ ಸಾತಾರಾದಲ್ಲೇ ಉಳಿಯುತ್ತದೆ. ನೂರು ಕಿ.ಮೀ.ಗೊಮ್ಮೆ ಇಳಿದು ಕಾಲಾಡಿಸದಿದ್ದರೆ ಆಮೇಲೆ ಇಳಿಯೋಕೇ ಬರುವುದಿಲ್ಲ. ಹೀಗಾಗಿ ಟ್ಯಾಂಕು ಏನೇ ಹೇಳಲಿ, ಸಾತಾರಾದಲ್ಲಿ ಚಹಾ, ಕರಾಡದಲ್ಲಿ ಊಟ, ಕೊಲ್ಹಾಪುರದಲ್ಲಿ ಸುಮ್ನೆ ಒಂದು ನಿಲುಗಡೆ.

ಈ ದಾರಿಯಲ್ಲಿ ಒಂದು ಕಡೆ ಮಾತ್ರ ಬೈಕಿನವರು ನಿಲ್ಲಬೇಕಿಲ್ಲ, ಅದು ಟೋಲ್ ನಾಕಾ. ಖೇಡ್ ಶಿವಾಪುರ, ಆನೇವಾಡಿ, ತಾಸವಡೆ, ಕಿಣಿ, ಗಡಿ ದಾಟಿ ಕೊಗನೊಳ್ಳಿ. ಎಲ್ಲ ಕಡೆ ಎಡತುದಿಯಲ್ಲಿ ಒಂದು ಸಣ್ಣ ಸಂದಿ. ಕೋಟಿ ರೂಪಾಯಿ ಕಾರು ಫಾಸ್ಟ್ಯಾಗ್ ಓದಿಸಿಕೊಳ್ಳುತ್ತಾ ನಿಂತಿರುವಾಗ ನಾವು ಪುಕ್ಕಟೆ ನುಸುಳಿ ಹೋಗುತ್ತೇವೆ. ಪೆಟ್ಟಿಗೆ ತೀರಾ ಅಗಲವಿದ್ದರೆ ಆ ಸಂದಿಯಲ್ಲಿ ಉಸಿರು ಬಿಗಿಹಿಡಿಯಬೇಕಾಗುತ್ತದೆ. ಪೆಟ್ಟಿಗೆ ಕೊಳ್ಳುವಾಗ ಹ್ಯಾಂಡಲ್ಲಿಗಿಂತ ಅಗಲ ಇರದಂಥದ್ದನ್ನು ನೋಡಿಕೊಳ್ಳಿ. ಮುಂದಿನದು ನುಸುಳಿದಲ್ಲಿ ಹಿಂದಿನದೂ ನುಸುಳುತ್ತದೆ.

ಮುಂಬೈ ಕಡೆ ಹೋಗುವವರಿಗೆ ಈ ಭಾಗ್ಯವೂ ಇಲ್ಲ. ಎಕ್ಸ್‌ಪ್ರೆಸ್‌ವೇಗೆ ಬೈಕು ಬಿಡುವುದಿಲ್ಲ. ಮುಂಬೈ ಮುಟ್ಟಿದರೆ ಬಾಂದ್ರಾ–ವರ್ಲಿ ಸೀ ಲಿಂಕಿಗೂ ಬಿಡುವುದಿಲ್ಲ, 2024ರಲ್ಲಿ ತೆರೆದ ಅಟಲ್ ಸೇತುವಿಗೂ ಬಿಡುವುದಿಲ್ಲ. ಲಕ್ಷಗಟ್ಟಲೆ ಕೊಟ್ಟು ದೂರ ಓಡಲೆಂದೇ ತಂದ ಗಾಡಿಗೆ ರಾಜ್ಯದ ಹೆಸರುವಾಸಿ ರಸ್ತೆಗಳೇ ಮುಚ್ಚಿವೆ. ಗೆಳೆಯರು ಇದಕ್ಕೆ ಬೈಯುತ್ತಾರೆ, ನಾನು ಬೈಯುವುದಿಲ್ಲ. ಲೋಣಾವಳದ ಹಳೇ ರಸ್ತೆಯಲ್ಲಿ ಎಲ್ಲಿ ಬೇಕಾದರೂ ನಿಲ್ಲಬಹುದು, ವಡಾಪಾವ್ ತಿನ್ನಬಹುದು, ಚಿಕ್ಕಿ ಕೊಳ್ಳಬಹುದು. ಎಕ್ಸ್‌ಪ್ರೆಸ್‌ವೇ ಪಕ್ಕ ನಿಂತು ಏನು ಮಾಡೋದು?

ನಿಂತಾಗ ಸಿಗುವ ಜನರೂ ಇದ್ದಾರೆ. ನಮ್ಮ ಜೊತೆ ಬೈಕು ಓಡಿಸುವವರಲ್ಲಿ ಒಬ್ಬರದು ಇನ್ನೂ ಧಾರವಾಡದ ಕೆಎ 25 ನಂಬರು. ಬೇರೆ ರಾಜ್ಯದ ಗಾಡಿ ಹನ್ನೆರಡು ತಿಂಗಳಿಗಿಂತ ಹೆಚ್ಚು ಇಲ್ಲೇ ಇದ್ದರೆ ಇಲ್ಲಿ ನೋಂದಣಿ ಮಾಡಿಸಬೇಕು ಅಂತ ಕಾನೂನಿದೆ. ಅವರು ಊರಿಗೆ ಹೋಗಿ ಬರುತ್ತಲೇ ಇರುವುದರಿಂದ ತಿಂಗಳ ಲೆಕ್ಕ ಅವರಿಗೂ ಗೊತ್ತಿಲ್ಲ. ಚಹಾಕ್ಕೆ ನಿಂತಲ್ಲೆಲ್ಲ ಯಾರಾದರೂ ಬಂದು ನಂಬರ್ ಪ್ಲೇಟು ನೋಡಿ, ‘ಧಾರವಾಡದವರೇನ್ರೀ?’ ಅನ್ನುತ್ತಾರೆ. ಹೋಟೆಲಿನ ಗಲ್ಲೆ ಮೇಲೆ ಕೂತ ಕುಂದಾಪುರದವರು, ಕಬ್ಬಿನ ಟ್ರ್ಯಾಕ್ಟರ್ ಹೊಡೆಯುವ ವಿಜಯಪುರದವರು. ಅವರಿಗೆ ಬೈಕು ಬೇಕಿಲ್ಲ, ಎರಡು ನಿಮಿಷ ಕನ್ನಡ ಬೇಕು. ನನ್ನದು ಪುಣೆಯ ಎಂಎಚ್ 12. ನನ್ನನ್ನು ಯಾರೂ ಕೇಳುವುದಿಲ್ಲ.

ಇದೆಲ್ಲ ವರ್ಷದಲ್ಲಿ ಕೆಲವು ದಿನಗಳ ಮಾತು. ಉಳಿದ ದಿನ ಟೂರಿಂಗ್ ಬೈಕು ಸೊಸೈಟಿಯ ಬೇಸ್‌ಮೆಂಟಿನಲ್ಲಿ, ಎರಡು ಆಕ್ಟಿವಾಗಳ ನಡುವೆ, ಮಠದ ಆನೆಯ ಹಾಗೆ ನಿಂತಿರುತ್ತದೆ. ಎಲ್ಲರೂ ಬಂದು ಮುಟ್ಟಿ ನೋಡುತ್ತಾರೆ, ಮಕ್ಕಳನ್ನು ಮೇಲೆ ಕೂರಿಸುತ್ತಾರೆ, ಕೆಲಸ ಏನೂ ಇಲ್ಲ. ಭಾನುವಾರ ಒಂದು ಮಿಸಳ್ ತಿನ್ನಲು ಜಾಕೆಟ್ಟು, ಗ್ಲೌಸು, ಮೊಣಕಾಲಿನ ಗಾರ್ಡು ಎಲ್ಲ ತೊಟ್ಟು ಎಂಬತ್ತು ಕಿ.ಮೀ. ಹೋಗಿ ಬರುವುದೂ ಅದಕ್ಕೆ ಮೈ ಸಡಿಲ ಆಗಲಿ ಅಂತಲೇ. ಪೇಟೆಯೊಳಗೆ ಒಯ್ದರೆ ನಿಲ್ಲಿಸೋದೇ ಒಂದು ವಿದ್ಯೆ. ಒಂದು ದಿನ ರಸ್ತೆಯ ಈ ಬದಿ, ಮರುದಿನ ಆ ಬದಿ ನಿಲ್ಲಿಸುವ ಪದ್ಧತಿ; ಇವತ್ತು ಪಿ1 ಕಡೆಯೋ ಪಿ2 ಕಡೆಯೋ ಅಂತ ತಾರೀಖು ನೋಡಬೇಕು. ಫರ್ಗುಸನ್ ಕಾಲೇಜ್ ರಸ್ತೆಯಲ್ಲಿ ವೈಶಾಲಿ ಹೋಟೆಲಿಗೆ ಇಡ್ಲಿ ತಿನ್ನಲು ಹೋದರೆ ಹ್ಯಾಂಡಲ್‌ಗೆ ಹ್ಯಾಂಡಲ್ ತಾಗಿಸಿ ನಿಂತ ಗಾಡಿಗಳ ಸಾಲು. ಸ್ಕೂಟಿಯವರು ತಮ್ಮದನ್ನು ಹಿಂದಿನಿಂದ ಎತ್ತಿ ಪಕ್ಕಕ್ಕಿಟ್ಟು ಹೋಗುತ್ತಾರೆ. ನಾವು ಇಡ್ಲಿ ಮುಗಿಸಿ ಬಂದರೆ ಮುಂದೆ ಒಂದು, ಹಿಂದೆ ಒಂದು. ಎರಡನೇ ಕಾಫಿಗೆ ಒಳಗೆ ಹೋಗುವುದೇ ಜಾಣತನ.

ಮಳೆಗಾಲದಲ್ಲಿ ವಾರಗಟ್ಟಲೆ ನಿಂತರೆ ಬ್ಯಾಟರಿ ಇಳಿಯುತ್ತದೆ. ಬಟನ್ ಒತ್ತಿದರೆ ಟಿಕ್ ಟಿಕ್ ಅನ್ನುತ್ತದೆ, ಅಷ್ಟೇ. ಈಗಿನ ದೊಡ್ಡ ಗಾಡಿಗಳಿಗೆ ಕಿಕ್ಕರ್ ಇಲ್ಲ. ನಮ್ಮ ಮಾಮಾನದು ಎಜ್ಡಿ ಇತ್ತು, ಮೈಸೂರಿನ ಐಡಿಯಲ್ ಜಾವಾದ್ದು. ಆ ಕಾರ್ಖಾನೆ 1961ರಲ್ಲಿ ಶುರುವಾಗಿ 1996ರಲ್ಲಿ ಮುಚ್ಚಿತು. ಎಜ್ಡಿಗೆ ಕಿಕ್ಕರ್ರೇ ಗೇರ್ ಲಿವರ್. ಒದ್ದು ಚಾಲೂ ಮಾಡಿ, ಅದನ್ನೇ ಮುಂದಕ್ಕೆ ಮಡಚಿ ಗೇರ್ ಹಾಕುವುದು. ಬ್ಯಾಟರಿ ವಿಷಯ ತೆಗೆದರೆ ಮಾಮಾ ನಗುತ್ತಾನೆ. ‘ನಿನ್ನ ಗಾಡಿಗೆ ಬ್ಲೂಟೂತ್ ಅದ, ಕಿಕ್ ಇಲ್ಲ’ ಅನ್ನುತ್ತಾನೆ. ಉತ್ತರ ಕೊಡೋಕಾಗಲ್ಲ.

ಹೋದ ದೀಪಾವಳಿ ಹೊತ್ತಿಗೆ ಆಫೀಸಿನ ಗೆಳೆಯನೊಬ್ಬ ಬೈಕು ನೋಡೋಕೆ ಜೊತೆಗೆ ಬಾ ಅಂದ. ನನ್ನ ವಾದವನ್ನೆಲ್ಲ ಅವನ ಮೇಲೆ ಪ್ರಯೋಗಿಸಿದೆ. ಮೊದಲು ಬೈಕನ್ನು ಇಳಿಜಾರಿನಲ್ಲಿ ಹಿಂದಕ್ಕೆ ತಳ್ಳು ಅಂದೆ. ಆಮೇಲೆ ಸೆಂಟರ್ ಸ್ಟ್ಯಾಂಡಿಗೆ ಹಾಕಿ ತೆಗೆ. ಆಮೇಲೆ ನನ್ನನ್ನೇ ಹಿಂದೆ ಹತ್ತಿಸಿ ಇಳಿಸು. ಶೋರೂಮಿನ ಹುಡುಗ ಕೀಲಿ ಹಿಡಿದು ನಿಂತೇ ಇದ್ದ. ‘ಸರ್, ಓಡಿಸಿ ನೋಡಲ್ವಾ?’ ಅಂತ ಮರಾಠಿಯಲ್ಲಿ ಎರಡು ಸಲ ಕೇಳಿದ. ಗೆಳೆಯ ಬೆವರು ಒರೆಸಿಕೊಂಡು, ನೀನು ಹೇಳೋದು ನೂರಕ್ಕೆ ನೂರು ಸರಿ ಅಂದ. ಅಂದವನು ಅಲ್ಲಿದ್ದವುಗಳಲ್ಲೇ ಅತಿ ಎತ್ತರದ್ದನ್ನು ಬುಕ್ ಮಾಡಿದ. ಬಣ್ಣ ಚೆನ್ನಾಗಿದೆಯಂತೆ. ಈಗ ಯಾವ ಸಿಗ್ನಲ್ ಬಂದರೂ ಫುಟ್‌ಪಾತಿನ ಅಂಚಿಗೇ ಹೋಗಿ ನಿಲ್ಲುತ್ತಾನೆ, ಎಡಗಾಲು ಇಡೋಕೆ.